ಮನೆಯ ಚಿತ್ರಮಂದಿರಕ್ಕೆ ಇನ್ನೊಂದು ಆಂಪ್ಲಿಫೈಯರು ಬೇಕೆ?

ನಮ್ಮ ವಾಚಕರಲ್ಲೊಬ್ಬರು ಈ ತಿಂಗಳು ಹೀಗೆ ಕೇಳಿರುವರು: ಮನೆಯಲ್ಲಿ ಚಲಚ್ಚಿತ್ರ ನೋಡುವುದಕ್ಕೆಂದು ರಿಸೀವರನ್ನೂ ಐದು ಸ್ಪೀಕರುಗಳನ್ನೂ ಕೊಂಡಿದ್ದಾಯಿತು, ವೃದ್ಧರಾದ ತಾಯಿಯವರಿಗೆ ಪಾತ್ರಗಳ ಮಾತೇ ತಿಳಿಯದು, ಹೊರಗಿನಿಂದ ಒಂದು ಆಂಪ್ಲಿಫೈಯರನ್ನು ಜೋಡಿಸಬೇಕೆಂದು ಅಂಗಡಿಯವರ ಮತ, ಮಗಳ ವಿದ್ಯಾಭ್ಯಾಸಕ್ಕೆಂದು ಇಟ್ಟ ಹಣವನ್ನು ಇದಕ್ಕೆ ತೆಗೆಯುವುದು ಯುಕ್ತವೇ? ಈ ಪ್ರಶ್ನೆಯು ಅನೇಕ ಗೃಹಸ್ಥರದೂ ಆಗಿರುವುದರಿಂದ ಇಲ್ಲಿ ವಿಚಾರಿಸುವೆವು.

ಔಷಧಕ್ಕೆ ಮುಂಚೆ ರೋಗದ ನಿದಾನವಾಗಬೇಕಷ್ಟೆ. ರಿಸೀವರು ಮೂರು ಕಾರ್ಯಗಳನ್ನು ನಡೆಸುತ್ತದೆ: ಬಂದ ಸಂಕೇತವನ್ನು ಆರಿಸಿಕೊಳ್ಳುವುದು, ಅದನ್ನು ಎಡ, ಬಲ, ನಡು, ಹಿಂಬದಿ ಎಂದು ವಿಂಗಡಿಸುವುದು, ಬಳಿಕ ಒಂದೊಂದಕ್ಕೂ ಬಲವನ್ನಿತ್ತು ಸ್ಪೀಕರಿಗೆ ಕಳುಹಿಸುವುದು. ಹೊರಗಿನ ಆಂಪ್ಲಿಫೈಯರು ಮೂರನೆಯ ಕಾರ್ಯವನ್ನು ಮಾತ್ರ ವಹಿಸಿಕೊಳ್ಳುವುದು. ಮೊದಲೆರಡರ ದೋಷಕ್ಕೆ ಅದು ಮದ್ದಲ್ಲ.

ಬಲವು ಸಾಲದೋ ಸಾಲುವುದೋ ಎಂಬುದು ಲೆಕ್ಕದಿಂದ ತಿಳಿಯತಕ್ಕ ವಿಷಯ. ಸ್ಪೀಕರಿನ ಸೂಕ್ಷ್ಮತೆ 88 ಡೆಸಿಬಲ್ ಎಂದು ಬರೆದಿದ್ದರೆ, 1 ವಾಟ್ ಬಲಕ್ಕೆ 1 ಮೀಟರ್ ದೂರದಲ್ಲಿ ಅಷ್ಟು ಶಬ್ದವೆಂದರ್ಥ. ಬಯಲಿನಲ್ಲಿ ದೂರವು ಇಮ್ಮಡಿಯಾದಂತೆ 6 ಡೆಸಿಬಲ್ ಕುಗ್ಗುವುದು. ಕೋಣೆಯಲ್ಲಿ ಗೋಡೆಗಳು ಕೊಂಚವನ್ನು ಹಿಂದಿರುಗಿಸುವುವು. 3 ಮೀಟರ್ ದೂರದಲ್ಲಿ ಕುಳಿತವರಿಗೆ ಸುಮಾರು 80 ದೊರೆಯಿತೆನ್ನೋಣ. ಇಲ್ಲಿ ಮರೆಯಬಾರದ ಸೂತ್ರವೊಂದುಂಟು: ಬಲವನ್ನು ಇಮ್ಮಡಿಸಿದರೆ ಏರುವುದು 3 ಡೆಸಿಬಲ್ ಮಾತ್ರ, ಹತ್ತುಮಡಿ ಮಾಡಿದರೆ 10. ಕಿವಿಗೆ ಶಬ್ದವು ಎರಡರಷ್ಟಾಯಿತೆಂದು ತೋರಲು ಸುಮಾರು ಈ 10 ಬೇಕು. ಚಿತ್ರಮಂದಿರದ ಪ್ರಮಾಣದಂತೆ ಮುಖ್ಯ ಸ್ಪೀಕರೊಂದರ ಪರಮಾವಧಿ 105 ಡೆಸಿಬಲ್. ಅದನ್ನು ಮುಟ್ಟಲು ಮೇಲಿನ ಲೆಕ್ಕದಲ್ಲಿ 300 ವಾಟಿಗೂ ಮಿಗಿಲು ಬೇಕು. ಅದಕ್ಕಿಂತ 15 ಡೆಸಿಬಲ್ ತಗ್ಗಿಸಿ ಕೇಳುವ ಮನೆಗೆ 10 ವಾಟ್ ಸಾಕು! ಹೀಗಿರುವಲ್ಲಿ 80 ವಾಟಿನ ರಿಸೀವರಿಗೆ 150 ವಾಟಿನ ಆಂಪ್ಲಿಫೈಯರನ್ನು ಜೋಡಿಸಿದವರು ಕೊಂಡದ್ದು 3 ಡೆಸಿಬಲಿಗೂ ಕಡಿಮೆ.

ಇನ್ನು ಮಾತು ತಿಳಿಯದಿರುವ ವಿಷಯ. ಐದು ಸ್ಪೀಕರುಗಳ ಏರ್ಪಾಡಿನಲ್ಲಿ ಮಾತು ಬಹುಪಾಲು ನಡುವಣ ಸ್ಪೀಕರಿನಿಂದಲೇ ಹೊರಡುವುದು. ಅದನ್ನು ಕಪಾಟಿನ ಒಳಗೆ ತಳ್ಳಿರಬಾರದು. ಅದರ ಮುಖವು ಕುಳಿತವರ ಕಿವಿಯತ್ತ ತಿರುಗಿರಬೇಕು. ರಿಸೀವರಿನಲ್ಲಿ ಅದೊಂದರ ಮಟ್ಟವನ್ನು 2–3 ಡೆಸಿಬಲ್ ಏರಿಸಬಹುದು. ಇದಾವುದಕ್ಕೂ ಹಣದ ವೆಚ್ಚವಿಲ್ಲ. ವೃದ್ಧಾಪ್ಯದಲ್ಲಿ ಮೊದಲು ಕುಂದುವುದು ತಾರಧ್ವನಿಗಳನ್ನು ಗ್ರಹಿಸುವ ಶಕ್ತಿ. ಸಕಾರ ಶಕಾರಾದಿ ವ್ಯಂಜನಗಳ ಸ್ಪಷ್ಟತೆ ಇರುವುದೂ ಅಲ್ಲಿಯೇ. ಆಗ ಎಲ್ಲವನ್ನೂ ಜೋರು ಮಾಡಿದರೆ ಗದ್ದಲವು ಹೆಚ್ಚುವುದೇ ಹೊರತು ಮಾತು ತಿಳಿಯಾಗದು. ಆದುದರಿಂದ ತಾಯಿಯವರನ್ನು ಒಮ್ಮೆ ಕಿವಿಯ ವೈದ್ಯರಲ್ಲಿಗೆ ಕರೆದೊಯ್ಯುವುದು ಮೊದಲ ಕರ್ತವ್ಯ. ಮಗಳ ಹಣವು ಇದ್ದಲ್ಲಿಯೇ ಇರಲಿ.

ಹಾಗಾದರೆ ಆಂಪ್ಲಿಫೈಯರು ಯಾರಿಗೂ ಬೇಡವೆಂದಲ್ಲ. ಕೋಣೆಯು ವಿಶಾಲವಾಗಿದ್ದು, ಸ್ಪೀಕರಿನ ಸೂಕ್ಷ್ಮತೆಯು 84ರ ಸಮೀಪವಿದ್ದು, ಅದರ ತಡೆಯು 4 ಓಮ್ ಆಗಿದ್ದರೆ ರಿಸೀವರು ಬಳಲುವುದು ಸಹಜ. ಒಂದೇ ವಿದ್ಯುನ್ಮೂಲವು ಎಲ್ಲ ಸ್ಪೀಕರುಗಳನ್ನೂ ಪೋಷಿಸಬೇಕಾದ ಕಾರಣ, ಎರಡಕ್ಕೆ ಮಾತ್ರ ಬಲವಿತ್ತು ಅಳೆದ 100 ವಾಟ್ ಎಲ್ಲವೂ ಒಟ್ಟಿಗೆ ದುಡಿಯುವಾಗ ದೊರೆಯಲಾರದು. ಜೋರಾದ ದೃಶ್ಯಗಳಲ್ಲಿ ಮಾತ್ರ ಧ್ವನಿಯು ಕರ್ಕಶವಾಗುವುದು, ಯಂತ್ರವು ತಾನಾಗಿ ನಿಂತುಹೋಗುವುದು ಬಲಹೀನತೆಯ ಲಕ್ಷಣಗಳು. ಆದರೂ ತಂತಿಗಳ ತುದಿ ಒಂದಕ್ಕೊಂದು ತಗುಲಿಲ್ಲವೆಂದೂ, ಯಂತ್ರಕ್ಕೆ ಗಾಳಿಯಾಡುತ್ತಿದೆಯೆಂದೂ ಮೊದಲು ನೋಡತಕ್ಕದ್ದು. ಸ್ವಂತ ಬಲವುಳ್ಳ ಸಬ್‌ವೂಫರಿದ್ದರೆ 80 ಹರ್ಟ್ಸ್‌ಗೆ ಕೆಳಗಿನ ಗಂಭೀರಧ್ವನಿಯನ್ನು ಅದಕ್ಕೆ ಒಪ್ಪಿಸಿದರೆ ರಿಸೀವರಿನ ಭಾರವು ಬಹಳ ಇಳಿಯುವುದು.

ಇಷ್ಟಾದ ಮೇಲೂ ಕೊರತೆ ಕಂಡರೆ, ರಿಸೀವರಿನ ಬೆನ್ನಲ್ಲಿ ಪ್ರೀ-ಔಟ್ ಎಂಬ ರಂಧ್ರಗಳುಂಟೋ ಎಂದು ನೋಡಿರಿ; ಅಗ್ಗದ ಅನೇಕ ಯಂತ್ರಗಳಲ್ಲಿ ಅವು ಇರವು. ಇದ್ದರೆ, ಕೊಳ್ಳುವ ಮುನ್ನ ಒಂದು ದಿನದ ಮಟ್ಟಿಗೆ ಆಂಪ್ಲಿಫೈಯರನ್ನು ತರಿಸಿ ಜೋಡಿಸಿ ಕೇಳಿರಿ. ಎರಡರ ಶಬ್ದವನ್ನೂ ಸಮಮಟ್ಟಕ್ಕೆ ತಂದ ಬಳಿಕವೇ ತೀರ್ಪು ಕೊಡತಕ್ಕದ್ದು. ಕೊಂಚ ಜೋರಾದುದನ್ನೇ ಉತ್ತಮವೆನ್ನುವುದು ಕಿವಿಯ ಸ್ವಭಾವ.