ಬಿಸಿಲಿನ ತಿಂಗಳುಗಳಲ್ಲಿ ಶಾಲಾ ಸಮವಸ್ತ್ರ ನಿಯಮ ಸಡಿಲಿಸಲು ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ಅಪರ ಆಯುಕ್ತರು,
ಶಾಲಾ ಶಿಕ್ಷಣ ಇಲಾಖೆ,
ಕಲಬುರಗಿ.

ಇವರಿಂದ,
ಕಲಬುರಗಿ ನಗರ ಹಾಗೂ ಸುತ್ತಲಿನ ತಾಲೂಕುಗಳ ಶಾಲಾ ಮಕ್ಕಳ ಪಾಲಕರು ಮತ್ತು ಎಸ್‌ಡಿಎಂಸಿ ಸದಸ್ಯರು.

ವಿಷಯ: ಫೆಬ್ರವರಿ ಮಧ್ಯದಿಂದ ವಾರ್ಷಿಕ ಪರೀಕ್ಷೆ ಮುಗಿಯುವವರೆಗೆ ಹಾಗೂ ಶಾಲೆ ಪುನರಾರಂಭದಿಂದ ಜೂನ್ ಅಂತ್ಯದವರೆಗೆ ವಿಭಾಗದ ಎಲ್ಲ ಶಾಲೆಗಳಲ್ಲಿ ಟೈ, ಕೋಟು, ಬೂಟು, ಕಾಲುಚೀಲಗಳ ಕಡ್ಡಾಯ ಕೈಬಿಟ್ಟು ಲಿಖಿತ ಆದೇಶ ಹೊರಡಿಸುವ ಕುರಿತು.

ಮಾನ್ಯರೆ,

ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳು, ಜೊತೆಗೆ ವಿಜಯಪುರ ಮತ್ತು ಬಾಗಲಕೋಟೆಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುವುದು ರಾಜ್ಯ ಸರ್ಕಾರದ ವಾಡಿಕೆ. ಕಾರಣ ಬಿಸಿಲು. ಈ ಆದೇಶದ ಬಗ್ಗೆ ನಮ್ಮ ತಕರಾರಿಲ್ಲ. ಈ ಭಾಗದ ಬಿಸಿಲನ್ನು ಬೆಂಗಳೂರು ಗುರುತಿಸಿತಲ್ಲ ಎಂಬ ಸಮಾಧಾನವೇ ಇದೆ. ಆದರೆ ದೊಡ್ಡವರ ವಿಷಯದಲ್ಲಿ ಸರ್ಕಾರ ಒಪ್ಪಿಕೊಂಡ ಈ ಬಿಸಿಲು ಮಕ್ಕಳ ಸಮವಸ್ತ್ರದ ವಿಷಯಕ್ಕೆ ಬಂದಾಗ ಲೆಕ್ಕಕ್ಕೇ ಇಲ್ಲ. ಕಚೇರಿಗಳಿಗೆ ರಿಯಾಯಿತಿ ಸಿಗುವ ತಿಂಗಳುಗಳ ಬಹುಪಾಲು ಮಕ್ಕಳು ರಜೆಯಲ್ಲಿರುತ್ತಾರೆ. ಅವರು ಶಾಲೆಯಲ್ಲಿರುವುದು ಮಾರ್ಚ್‌ನಲ್ಲಿ, ಏಪ್ರಿಲ್ ಮೊದಲ ದಿನಗಳಲ್ಲಿ, ಆಮೇಲೆ ಮಳೆ ಸರಿಯಾಗಿ ಹಿಡಿಯುವ ಮೊದಲಿನ ಜೂನ್‌ನಲ್ಲಿ. ಮಾರ್ಚ್ ಕೊನೆಗೆ ಪಾರಾ 40 ಡಿಗ್ರಿ ಮುಟ್ಟುವುದು ಇಲ್ಲಿ ಯಾರಿಗೂ ಸುದ್ದಿಯಲ್ಲ. ಜೂನ್‌ನಲ್ಲಿ ಒಂದು ಮಳೆ ಬಿದ್ದು ನಿಂತ ಮೇಲಿನ ಧಗೆಯನ್ನು ತಮಗೆ ನಾವು ವಿವರಿಸಬೇಕಾಗಿಲ್ಲ.

ಆ ದಿನಗಳಲ್ಲಿ ಮಗುವಿನ ಮೈಮೇಲೆ ಏನೇನಿರುತ್ತದೆ ಎಂಬುದನ್ನು ದಯವಿಟ್ಟು ಗಮನಿಸಬೇಕು. ಖಾಸಗಿ ಶಾಲೆಯ ಹುಡುಗನಾದರೆ ಪಾಲಿಯೆಸ್ಟರ್ ಹೆಚ್ಚಿರುವ ಅಂಗಿ, ಅದರ ಕೊರಳ ಗುಂಡಿ ಹಾಕಿ ಬಿಗಿದ ಟೈ, ಸೊಂಟಕ್ಕೆ ಬೆಲ್ಟು, ದಪ್ಪ ಪ್ಯಾಂಟು, ನೈಲಾನ್ ಕಾಲುಚೀಲ, ಕಪ್ಪು ಬೂಟು. ಬೂಟು ಹೆಸರಿಗೆ ಚರ್ಮದ್ದು. ನಮ್ಮಲ್ಲಿ ಹೆಚ್ಚಿನವರಿಗೆ ಕೊಳ್ಳಲು ಸಾಧ್ಯವಾಗುವುದು ರೆಕ್ಸಿನ್‌ನದು. ಕೆಲವು ಶಾಲೆಗಳಲ್ಲಿ ಇದರ ಮೇಲೆ ವೇಸ್ಟ್‌ಕೋಟು ಬೇರೆ. ಮೈ ತಣ್ಣಗಾಗುವುದು ಬೆವರು ಆರಿದಾಗ. ಪಾಲಿಯೆಸ್ಟರ್ ಬೆವರನ್ನು ಹೀರುವುದಿಲ್ಲ, ಬಿಗಿದ ಕೊರಳಪಟ್ಟಿ ಗಾಳಿಯನ್ನು ಒಳಗೆ ಬಿಡುವುದಿಲ್ಲ. ಮಕ್ಕಳು ದೊಡ್ಡವರಷ್ಟು ಬೆವರುವುದೂ ಇಲ್ಲ. ಅವರ ಸಣ್ಣ ಮೈ ಸುತ್ತಲಿನ ಕಾವನ್ನು ಬೇಗ ಎಳೆದುಕೊಳ್ಳುತ್ತದೆ. ಪತ್ರಾಸಿನ ಛಾವಣಿಯ ಕೋಣೆಯಲ್ಲಿ, ಕರೆಂಟು ಹೋದ ಹೊತ್ತಿನಲ್ಲಿ ಐವತ್ತು ಮಕ್ಕಳು ಹೀಗೆ ಕುಳಿತಿರುತ್ತಾರೆ. ಬಿಟ್ಟ ಮೇಲೆ ಟಂಟಂನಲ್ಲಿ ಒಬ್ಬರ ತೊಡೆಯ ಮೇಲೊಬ್ಬರು ಕುಳಿತು ಮನೆಗೆ ಬರುತ್ತಾರೆ. ಕೊರಳ ಸುತ್ತ, ಸೊಂಟದ ಬೆಲ್ಟಿನಡಿ ಬೆವರುಸಾಲೆ, ಬೆರಳ ಸಂದಿಯಲ್ಲಿ ಹುಣ್ಣು. ತಲೆನೋವು, ವಾಂತಿ ಎಂದು ಮಲಗಿದ ಮಗುವಿಗೆ "ಬೆಳಿಗ್ಗೆ ಉಪ್ಪಿಟ್ಟು ತಿನ್ನಲಿಲ್ಲ, ಅದಕ್ಕೇ" ಎಂದು ನಾವೇ ಬೈದದ್ದೂ ಉಂಟು.

ಹೆಣ್ಣುಮಕ್ಕಳ ಕಷ್ಟ ಇನ್ನೂ ಒಂದು ಪದರ ಹೆಚ್ಚು, ಅಕ್ಷರಶಃ. ಹೈಸ್ಕೂಲಿನ ಹುಡುಗಿಯರಿಗೆ ಚೂಡಿದಾರದ ಮೇಲೆ ಪಿನ್ನು ಹಾಕಿ ಮಡಚಿದ ವೇಲ್, ಇಲ್ಲವೇ ಅದರ ಬದಲಿಗೆ ತೋಳಿಲ್ಲದ ಕೋಟು. ಕೋಟಿಗೆ ಬಹುಪಾಲು ಅಸ್ತರು ಇರುತ್ತದೆ. ಅಂದರೆ ಎದೆ ಬೆನ್ನುಗಳ ಮೇಲೆ ಮೂರು ಪದರ ಬಟ್ಟೆ. ಇಷ್ಟು ಬಟ್ಟೆ ತೊಟ್ಟವಳು ಹೆಚ್ಚು ನೀರು ಕುಡಿಯಬೇಕು. ಅವಳು ಕುಡಿಯುವುದು ಕಡಿಮೆ. ಕಾರಣ ಎಲ್ಲ ತಾಯಂದಿರಿಗೂ ಗೊತ್ತು: ಶೌಚಾಲಯದ ಬಾಗಿಲಿಗೆ ಚಿಲಕವಿರುವುದಿಲ್ಲ, ಇದ್ದರೆ ನೀರಿರುವುದಿಲ್ಲ, ನೀರೂ ಇದ್ದರೆ ಕೀಲಿ ಸಿಬ್ಬಂದಿ ಕೋಣೆಯಲ್ಲಿರುತ್ತದೆ. ಮನೆಯಿಂದ ತುಂಬಿಸಿ ಕೊಟ್ಟ ಬಾಟಲಿ ಸಂಜೆ ಅರ್ಧ ತುಂಬಿಯೇ ಮರಳುತ್ತದೆ. ಸಮವಸ್ತ್ರದ ಮನವಿಯಲ್ಲಿ ಶೌಚಾಲಯದ ಮಾತೇಕೆ ಎಂದು ತಾವು ಕೇಳಬಹುದು. ಬಿಸಿಲಿಗೆ ಬಳಲಿದ ಹುಡುಗಿಯ ಮೈಯಲ್ಲಿ ಇವೆರಡೂ ಒಟ್ಟಿಗೇ ಕೆಲಸ ಮಾಡುತ್ತವೆ, ಹಾಗಾಗಿ.

ಇಷ್ಟಾದರೂ ಮಕ್ಕಳು ನಿಯಮ ಪಾಲಿಸುತ್ತಾರೆ. ಯಾಕೆಂದರೆ ಪಾಲಿಸದಿದ್ದರೆ ಶಿಕ್ಷೆ. ಟೈ ಮರೆತು ಬಂದವರನ್ನು ಪ್ರಾರ್ಥನೆ ಮುಗಿದ ಮೇಲೂ ಅಂಗಳದಲ್ಲೇ ನಿಲ್ಲಿಸುವುದು, ಚಪ್ಪಲಿ ಹಾಕಿ ಬಂದರೆ ಅದನ್ನು ಕಸಿದು ಬರಿಗಾಲಲ್ಲಿ ತರಗತಿಗೆ ಕಳಿಸುವುದು, ದಂಡ ಹಾಕುವುದು, ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದು ಕಳಿಸುವುದು ನಮ್ಮ ಗಮನಕ್ಕೆ ಬಂದಿವೆ. ಕಾದ ಫರಸಿಯ ಮೇಲೆ ಬರಿಗಾಲಿಡುವುದೆಂದರೇನು ಎಂದು ಶಹಾಬಾದ್ ಕಲ್ಲಿನ ಈ ಸೀಮೆಯಲ್ಲಿ ಬೆಳೆದ ಯಾರಿಗೂ ಹೇಳಬೇಕಿಲ್ಲ. ಯಾವ ಶಾಲೆಯ ಹೆಸರನ್ನೂ ನಾವಿಲ್ಲಿ ಎತ್ತುತ್ತಿಲ್ಲ. ಒಂದು ಶಾಲೆಗೆ ನೋಟಿಸು ಕೊಟ್ಟು ಮುಗಿಸುವ ವಿಷಯ ಇದಲ್ಲ. ಆದರೆ ಶಿಕ್ಷಣ ಹಕ್ಕು ಕಾಯ್ದೆ, 2009ರ ಕಲಂ 17 ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ ಎಂಬುದನ್ನು ಎಲ್ಲ ಆಡಳಿತ ಮಂಡಳಿಗಳಿಗೆ ಮತ್ತೊಮ್ಮೆ ನೆನಪಿಸುವುದು ಅಗತ್ಯ.

ನಾವು ಕೇಳುತ್ತಿರುವುದು ಹೊಸದೇನೂ ಅಲ್ಲ. 2022ರ ಮೇ ತಿಂಗಳಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯವು ಬಿಸಿಗಾಳಿಯ ದಿನಗಳಿಗಾಗಿ ಶಾಲೆಗಳಿಗೆ ಮಾರ್ಗಸೂಚಿ ಹೊರಡಿಸಿತು. ಟೈ ನಿಯಮ ಸಡಿಲಿಸಬಹುದು, ಚರ್ಮದ ಬೂಟಿನ ಬದಲು ಕ್ಯಾನ್ವಾಸ್ ಬೂಟಿಗೆ ಅವಕಾಶ ಕೊಡಬಹುದು, ತಿಳಿ ಬಣ್ಣದ ಸಡಿಲವಾದ ಹತ್ತಿ ಬಟ್ಟೆ ಒಳ್ಳೆಯದು, ತರಗತಿಗಳನ್ನು ಬೆಳಿಗ್ಗೆ ಬೇಗ ಆರಂಭಿಸಿ ಮಧ್ಯಾಹ್ನದೊಳಗೆ ಮುಗಿಸಬಹುದು ಎಂದು ಅದರಲ್ಲಿದೆ. ತೊಂದರೆ ಇರುವುದು ಆ ‘ಬಹುದು’ಗಳಲ್ಲಿ. ಆಡಳಿತ ಮಂಡಳಿಯನ್ನು ಕೇಳಿದರೆ ಇಲಾಖೆಯಿಂದ ಆದೇಶ ಬಂದಿಲ್ಲ ಎನ್ನುತ್ತದೆ. ಬಿಇಒ ಕಚೇರಿಯನ್ನು ಕೇಳಿದರೆ ಅದು ಶಾಲೆಯ ವಿವೇಚನೆಗೆ ಬಿಟ್ಟದ್ದು ಎಂಬ ಉತ್ತರ. ಮುಖ್ಯಗುರುಗಳ ಮನಸ್ಸು ಮೆತ್ತಗಿದ್ದರೆ ಮಗುವಿಗೆ ಗಾಳಿ, ಇಲ್ಲದಿದ್ದರೆ ಇಲ್ಲ.

ಶಿಸ್ತಿನ ಪ್ರಶ್ನೆ ಬಂದೇ ಬರುತ್ತದೆ. ಸಮವಸ್ತ್ರವನ್ನು ನಾವು ವಿರೋಧಿಸುವುದಿಲ್ಲ. ಸಾಹುಕಾರನ ಮಗನೂ ಹಮಾಲನ ಮಗನೂ ಒಂದೇ ಬಣ್ಣದ ಅಂಗಿಯಲ್ಲಿ ಪಕ್ಕಪಕ್ಕ ಕೂರುವುದು ನಮಗೂ ಬೇಕು. ಆದರೆ ಆ ಸಮಾನತೆಗೆ ಅಂಗಿ ಸಾಕು. ಬೂಟು ಅದನ್ನು ಕೆಡಿಸುತ್ತದೆ, ಯಾರ ಬೂಟು ಎಷ್ಟರದು ಎಂದು ಮಕ್ಕಳು ನೋಡಿದ ಕೂಡಲೇ ಹೇಳುತ್ತಾರೆ. ಇನ್ನು ಶಿಸ್ತಿಗೇ ಹೆಸರಾದ ಕಡೆಗಳಲ್ಲಿ ಏನಾಗಿದೆ ನೋಡಿ. ಸುಪ್ರೀಂ ಕೋರ್ಟು ಮತ್ತು ಹೈಕೋರ್ಟುಗಳನ್ನು ಬಿಟ್ಟು ಉಳಿದ ನ್ಯಾಯಾಲಯಗಳಲ್ಲಿ ಬೇಸಿಗೆಯಲ್ಲಿ ವಕೀಲರಿಗೆ ಕರಿಕೋಟು ಕಡ್ಡಾಯವಲ್ಲ ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ಹೇಳುತ್ತದೆ. ನ್ಯಾಯದಾನಕ್ಕೆ ಅದರಿಂದ ಭಂಗ ಬಂದಿಲ್ಲ. ದೇಶದ ಮುಂದಿನ ವೈದ್ಯರನ್ನು ಆರಿಸುವ ನೀಟ್ ಪರೀಕ್ಷೆಗೆ ಬೂಟು ಹಾಕಿ ಬಂದರೆ ಒಳಗೇ ಬಿಡುವುದಿಲ್ಲ, ಚಪ್ಪಲಿಯಲ್ಲೇ ಬರಬೇಕು. ಹನ್ನೆರಡು ವರ್ಷ ಬೂಟು ಶಿಸ್ತು ಎಂದು ಕಲಿಸಿ, ಕೊನೆಗೆ ಅತಿ ದೊಡ್ಡ ಪರೀಕ್ಷೆಯ ದಿನ ಬೂಟು ಕಳಚಿಸುತ್ತೇವೆ! ಟೈ ಮತ್ತು ಕೋಟಿನ ಈ ಮಾದರಿ ಬಂದದ್ದು ಇಂಗ್ಲೆಂಡಿನಿಂದ. ಅಲ್ಲಿನ ಎಕ್ಸೆಟರ್ ನಗರದಲ್ಲಿ 2017ರ ಜೂನ್‌ನಲ್ಲಿ ತಾಪಮಾನ 30 ಡಿಗ್ರಿ ದಾಟಿತು. ಚಡ್ಡಿ ಹಾಕಲು ಬಿಡಲಿಲ್ಲವೆಂದು ಹುಡುಗರು ಹುಡುಗಿಯರ ಲಂಗ ತೊಟ್ಟು ಶಾಲೆಗೆ ಬಂದು ಪ್ರತಿಭಟಿಸಿದರು. 30 ಡಿಗ್ರಿ ನಮ್ಮಲ್ಲಿ ಜನವರಿಯ ಹಿತವಾದ ಮಧ್ಯಾಹ್ನ.

ಈಗ ಖರ್ಚಿನ ವಿಷಯ. ಸಡಿಲಿಕೆ ಎಂದ ಕೂಡಲೇ ‘ಬೇಸಿಗೆ ಸಮವಸ್ತ್ರ’ ಎಂಬ ಇನ್ನೊಂದು ಜೊತೆ ಬಟ್ಟೆಯನ್ನು ಶಾಲೆಯ ಗೊತ್ತಾದ ಅಂಗಡಿಯಿಂದಲೇ ಕೊಳ್ಳಿರೆಂದು ಚೀಟಿ ಬರುವ ಭಯ ನಮಗಿದೆ. ಅದು ಖಂಡಿತ ಬೇಡ. ಬೇಕಾದ ಬಟ್ಟೆ ಎಷ್ಟೋ ಮಕ್ಕಳ ಪೆಟ್ಟಿಗೆಯಲ್ಲಿ ಈಗಾಗಲೇ ಇದೆ. ಶನಿವಾರ ಬೆಳಗಿನ ಶಾಲೆಗೆ ಅವರು ಹಾಕುವುದು ಬಿಳಿ ಬಟ್ಟೆ, ಬಿಳಿ ಕ್ಯಾನ್ವಾಸ್ ಬೂಟು. ಕೆಲವು ಕಡೆ ಹೌಸ್ ಬಣ್ಣದ ಟೀ ಶರ್ಟು. ಟೈ ಇಲ್ಲ, ಕೋಟಿಲ್ಲ. ಶನಿವಾರ ಈ ಉಡುಪಿನಲ್ಲಿ ಪಾಠ ನಡೆಯುತ್ತದೆ, ಹಾಜರಿ ಕೂಗುತ್ತಾರೆ, ಶಿಸ್ತೂ ಇರುತ್ತದೆ. ಶನಿವಾರ ಸರಿಯಾದದ್ದು ಸೋಮವಾರ ತಪ್ಪಾಗುವುದು ಹೇಗೆ? ಆ ಉಡುಪನ್ನು ಬಿಸಿಲಿನ ತಿಂಗಳುಗಳಲ್ಲಿ ವಾರವಿಡೀ ಹಾಕಲು ಅನುಮತಿ ಕೊಟ್ಟರೆ ನಮ್ಮ ಬೇಡಿಕೆಯ ಮುಕ್ಕಾಲು ಪಾಲು ಈಡೇರಿದಂತೆ. ಸರ್ಕಾರಕ್ಕೆ ಪೈಸೆ ಖರ್ಚಿಲ್ಲ, ನಮಗೆ ಒಂದು ಸೋಪು ಹೆಚ್ಚು.

ಕಾನೂನಿನ ಒಂದು ತೊಡಕನ್ನು ಆಡಳಿತ ಮಂಡಳಿಗಳು ಮುಂದೊಡ್ಡುವ ಸಂಭವವಿದೆ. ಕರ್ನಾಟಕ ಶಿಕ್ಷಣ ಕಾಯ್ದೆ, 1983ರ ಅಡಿಯಲ್ಲಿ 1995ರಲ್ಲಿ ರಚಿಸಿದ ನಿಯಮಗಳ 11ನೇ ನಿಯಮದಂತೆ ಒಮ್ಮೆ ಗೊತ್ತುಪಡಿಸಿದ ಸಮವಸ್ತ್ರವನ್ನು ಐದು ವರ್ಷ ಬದಲಿಸುವಂತಿಲ್ಲ. ಬದಲಿಸುವುದಾದರೆ ಪಾಲಕರಿಗೆ ಒಂದು ವರ್ಷ ಮೊದಲೇ ತಿಳಿಸಬೇಕು. ಪದೇಪದೇ ಸಮವಸ್ತ್ರ ಬದಲಿಸಿ ನಮ್ಮ ಜೇಬಿಗೆ ಕೈಹಾಕದಿರಲಿ ಎಂದು ಇರುವ ನಿಯಮವಿದು. ನಮ್ಮನ್ನು ಕಾಯಲು ಬಂದ ನಿಯಮ ನಮ್ಮ ಮಕ್ಕಳನ್ನು ಬೇಯಿಸಲು ಬಳಕೆಯಾಗಬಾರದು. ಟೈ ತೆಗೆದಿಡುವುದು, ಇರುವ ಶನಿವಾರದ ಉಡುಪನ್ನೇ ಉಳಿದ ದಿನ ಹಾಕುವುದು ಸಮವಸ್ತ್ರದ ಬದಲಾವಣೆಯಾಗದು ಎಂದು ತಾವು ಸ್ಪಷ್ಟಪಡಿಸಿದರೆ ಸಾಕು. 2022ರಲ್ಲಿ ಸಮವಸ್ತ್ರದ ವಿವಾದ ಹೈಕೋರ್ಟು, ಸುಪ್ರೀಂ ಕೋರ್ಟುಗಳವರೆಗೆ ಹೋದ ಮೇಲೆ ಎಷ್ಟೋ ಮುಖ್ಯಗುರುಗಳು ಈ ವಿಷಯದಲ್ಲಿ ಬಾಯಿ ಬಿಡಲೂ ಹಿಂಜರಿಯುತ್ತಾರೆ. ನಮ್ಮ ಮನವಿ ಹವಾಮಾನಕ್ಕೆ ಮಾತ್ರ ಸಂಬಂಧಿಸಿದ್ದು. ಸಹಿ ಹಾಕಿದವರಲ್ಲಿ ಎಲ್ಲ ಸಮುದಾಯದವರೂ ಇದ್ದಾರೆ, ಹಲವರು ಸ್ವತಃ ಶಿಕ್ಷಕರು.

ಆದ್ದರಿಂದ ನಮ್ಮ ಬೇಡಿಕೆಗಳು:

1. ಫೆಬ್ರವರಿ 15ರಿಂದ ವಾರ್ಷಿಕ ಪರೀಕ್ಷೆ ಮುಗಿಯುವವರೆಗೆ ಮತ್ತು ಶಾಲೆ ಪುನರಾರಂಭವಾದ ದಿನದಿಂದ ಜೂನ್ 30ರವರೆಗೆ ಟೈ, ಬೆಲ್ಟು, ಕೋಟು, ವೇಸ್ಟ್‌ಕೋಟು, ಬೂಟು, ಕಾಲುಚೀಲ ಯಾವುದೂ ಕಡ್ಡಾಯವಲ್ಲ ಎಂದು ಸರ್ಕಾರಿ, ಅನುದಾನಿತ, ಅನುದಾನರಹಿತ ಎಲ್ಲ ಶಾಲೆಗಳಿಗೂ ಆದೇಶ ನೀಡಬೇಕು. ಈ ಅವಧಿ ಪ್ರತಿವರ್ಷ ತಾನಾಗಿಯೇ ಜಾರಿಗೆ ಬರಬೇಕು. ಹವಾಮಾನ ಇಲಾಖೆ ಬಿಸಿಗಾಳಿ ಘೋಷಿಸುವವರೆಗೆ ಕಾಯಬಾರದು: ಬಯಲು ಸೀಮೆಯಲ್ಲಿ ಆ ಘೋಷಣೆಗೆ ಕನಿಷ್ಠ 40 ಡಿಗ್ರಿ ಇರಬೇಕು, ಜೊತೆಗೆ ಅದು ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು, ಇಲ್ಲವೇ ಪಾರಾ 45 ಡಿಗ್ರಿ ಮುಟ್ಟಬೇಕು. ವಾಡಿಕೆಯೇ ಬಿಸಿಯಾಗಿರುವ ಊರಿನ ಮಗು ಆ ಅಳತೆಯಲ್ಲಿ ಎಷ್ಟೋ ದಿನ ಹೊರಗುಳಿಯುತ್ತದೆ.

2. ಶನಿವಾರದ ಬಿಳಿ ಉಡುಪು ಅಥವಾ ಆಟದ ಉಡುಪನ್ನು ಈ ಅವಧಿಯಲ್ಲಿ ಎಲ್ಲ ದಿನ ಹಾಕಲು ಬಿಡಬೇಕು. ಅದಿಲ್ಲದ ಮಕ್ಕಳು ಇರುವ ಸಮವಸ್ತ್ರದಲ್ಲೇ ಕೊರಳ ಗುಂಡಿ ಬಿಚ್ಚಿಕೊಂಡು, ಚಪ್ಪಲಿಯಲ್ಲಿ ಬರಲಿ. ಹೊಸ ಬಟ್ಟೆ ಕೊಳ್ಳಿರೆಂದು ಯಾವ ಶಾಲೆಯೂ ಒತ್ತಾಯಿಸಕೂಡದು.

3. ಹುಡುಗಿಯರಿಗೆ ವೇಲ್ ಅಥವಾ ಕೋಟು ಹಾಕುವುದೂ ಬಿಡುವುದೂ ಅವರ ಇಷ್ಟಕ್ಕೆ ಬಿಟ್ಟಿರಬೇಕು. ತೆಗೆಯಿರಿ ಎಂಬ ಒತ್ತಾಯವೂ ಬೇಡ.

4. ಬಿಸಿಲಲ್ಲಿ ಟೋಪಿ, ತಲೆಗೆ ಬಿಳಿ ವಸ್ತ್ರ, ಕೊಡೆ ತರುವುದಕ್ಕೆ ತಡೆ ಇರಬಾರದು.

5. ಸಮವಸ್ತ್ರದ ಕಾರಣಕ್ಕೆ ಮಗುವನ್ನು ಹೊರಗೆ ನಿಲ್ಲಿಸುವುದು, ದಂಡ ಹಾಕುವುದು, ಪರೀಕ್ಷೆಗೆ ಬಿಡದಿರುವುದು ಕಲಂ 17ರ ಉಲ್ಲಂಘನೆ ಎಂದು ಆದೇಶದಲ್ಲೇ ನಮೂದಿಸಬೇಕು. ದೂರು ಯಾರಿಗೆ ಕೊಡಬೇಕೆಂಬುದು ಶಾಲೆಯ ಸೂಚನಾ ಫಲಕದಲ್ಲಿ ಕಾಣಬೇಕು.

6. ಪ್ರಾರ್ಥನೆಯನ್ನು ನೆರಳಿನಲ್ಲಿ ಅಥವಾ ತರಗತಿಯಲ್ಲೇ ಮುಗಿಸಬೇಕು. 2019ರಲ್ಲಿ ಕೇರಳದ ಶಾಲೆಗಳಲ್ಲಿ ಆರಂಭವಾದ, ನೀರು ಕುಡಿಯಲು ಮಕ್ಕಳಿಗೆ ನೆನಪಿಸುವ ನೀರಿನ ಗಂಟೆಯನ್ನು ಇಲ್ಲಿಯೂ ನಿಜವಾಗಿ ಬಾರಿಸಬೇಕು, ಗಂಟೆಯ ಹೊತ್ತಿಗೆ ಶೌಚಾಲಯದ ಕೀಲಿ ತೆರೆದಿರಬೇಕು.

7. ವಿದ್ಯಾವಿಕಾಸ ಯೋಜನೆಯಡಿ ನಮ್ಮ ವಿಭಾಗಕ್ಕೆ ಕೊಡುವ ಬಟ್ಟೆಯಲ್ಲಿ ಹತ್ತಿಯ ಪ್ರಮಾಣ ಹೆಚ್ಚಿರುವಂತೆ ಸರ್ಕಾರಕ್ಕೆ ಪ್ರಸ್ತಾವ ಕಳಿಸಬೇಕು. ಇದಕ್ಕೆ ಸಮಯ ಹಿಡಿಯುತ್ತದೆಂದು ಬಲ್ಲೆವು, ಮೇಲಿನ ಆರು ಬೇಡಿಕೆಗಳನ್ನು ಇದಕ್ಕಾಗಿ ತಡೆಹಿಡಿಯಬಾರದು.

ಆದೇಶದ ಪ್ರತಿಯನ್ನು ವಿಭಾಗದ ಎಲ್ಲ ಡಿಡಿಪಿಐ ಹಾಗೂ ಬಿಇಒ ಕಚೇರಿಗಳಿಗೆ ಕಳಿಸಿ, ಪಾಲಕರ ಸಭೆಯಲ್ಲಿ ಓದಿ ಹೇಳುವಂತೆ ಸೂಚಿಸಬೇಕೆಂದು ಕೋರುತ್ತೇವೆ. ಕಳೆದ ಬೇಸಿಗೆಗಳಲ್ಲಿ ಬಾಯಿಮಾತಿನ ಭರವಸೆ ಸಿಕ್ಕಿತ್ತು. ಅದು ಶಾಲೆಯ ಗೇಟಿನಾಚೆ ಹೋಗಲಿಲ್ಲ. ಈ ಸಲ ನಮಗೆ ಬೇಕಾಗಿರುವುದು ಸಂಖ್ಯೆ, ದಿನಾಂಕ ಮತ್ತು ಸಹಿ ಇರುವ ಕಾಗದ. ಆದೇಶ ಫೆಬ್ರವರಿ 15ರೊಳಗೆ ಬಂದರೆ ಈ ವರ್ಷದ ಪರೀಕ್ಷೆಗೆ ಕೂರುವ ಮಕ್ಕಳಿಗೆ ಉಪಯೋಗ. ಆಗದಿದ್ದರೆ ಯಾವ ಕಾರಣಕ್ಕೆ ಆಗಲಿಲ್ಲ ಎಂಬುದನ್ನು ಅದೇ ದಿನಾಂಕದೊಳಗೆ ಲಿಖಿತವಾಗಿ ತಿಳಿಸಬೇಕೆಂದು ವಿನಂತಿ.

ಸ್ಥಳ: ಕಲಬುರಗಿ

ತಮ್ಮ ವಿಶ್ವಾಸಿಗಳು,
ಪಾಲಕರು ಮತ್ತು ಎಸ್‌ಡಿಎಂಸಿ ಸದಸ್ಯರು
(ಸಹಿಗಳ ಪಟ್ಟಿ ಲಗತ್ತಿಸಿದೆ)

ಪ್ರತಿ: ಅಧ್ಯಕ್ಷರು, ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ, ಬೆಂಗಳೂರು, ಜಿಲ್ಲಾಧಿಕಾರಿಗಳು, ಕಲಬುರಗಿ – ಮಾಹಿತಿ ಹಾಗೂ ಸೂಕ್ತ ಕ್ರಮಕ್ಕಾಗಿ.