ಎರಡು ಬಾಟಲಿ, ಒಂದು ಬಕೆಟ್

ಆರತಿ ನೀರು ಕೆಂಪಾಗೋದು ಹೇಗೆ ಅಂತ ಪಿಯುಸಿ ಓದೋ ತಂಗಿ ಕೇಳಿದಳು. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ, ಅಷ್ಟೇ. ಸುಣ್ಣ ಪ್ರತ್ಯಾಮ್ಲ, ಅರಿಶಿನ ಅದನ್ನು ತೋರಿಸಿಕೊಡುವ ಸೂಚಕ. ಸಾರಿನ ಕಲೆಗೆ ಸೋಪು ಹಚ್ಚಿದಾಗ ಶರ್ಟು ಕೆಂಪಾಗೋದೂ ಇದಕ್ಕೇ. ನಿಂಬೆರಸ ಹಿಂಡಿದರೆ ಮತ್ತೆ ಹಳದಿ!

‘ಆಮ್ಲ, ಪ್ರತ್ಯಾಮ್ಲ ಸೇರಿದರೆ ಲವಣ ಮತ್ತು ನೀರು’ ಅಂತ ನಾವೆಲ್ಲ ಉರುಹೊಡೆದಿದ್ದೇವೆ. ಬಾತ್‌ರೂಮಿನಲ್ಲಿ ಈ ಸೂತ್ರವನ್ನು ನಂಬಬೇಡಿ. ಹಲವು ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಇರೋದು ಹೈಡ್ರೋಕ್ಲೋರಿಕ್ ಆಮ್ಲ. ಬ್ಲೀಚ್ ಅಂದರೆ ಸೋಡಿಯಂ ಹೈಪೋಕ್ಲೋರೈಟ್, ಅದು ಪ್ರತ್ಯಾಮ್ಲೀಯ ದ್ರಾವಣ. ಎರಡನ್ನೂ ಸುರಿದರೆ ಡಬಲ್ ಕ್ಲೀನ್ ಆಗಲ್ಲ, ಕ್ಲೋರಿನ್ ಅನಿಲ ಏಳುತ್ತೆ. 1915ರಲ್ಲಿ ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಶತ್ರುಗಳ ಮೇಲೆ ಬಿಟ್ಟಿದ್ದು ಇದೇ ಅನಿಲ. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ಹಾಗಾಗಿ ನೆಲದ ಹತ್ತಿರವೇ ಉಳಿಯುತ್ತೆ. ಕಿಟಕಿಯಿಲ್ಲದ ಪಿಜಿ ಬಾತ್‌ರೂಮಿನಲ್ಲಿ ಕುಕ್ಕರಗಾಲಲ್ಲಿ ಕೂತು ಉಜ್ಜೋರು ಯಾರು? ಹೆಚ್ಚಿನ ಕಡೆ ಕೆಲಸಕ್ಕೆ ಬರುವ ಅಕ್ಕ. ಬಾಟಲಿ ತಂದಿಡೋರು ಮಾತ್ರ ನಾವು.

ಘಾಟು ಬಂತೋ, ಬಕೆಟ್ ಎತ್ತಲು ಹೋಗದೆ ಮೊದಲು ಹೊರಗೆ ಬನ್ನಿ. ಉಸಿರಾಟ ಕಷ್ಟವಾದರೆ 108ಕ್ಕೆ ಫೋನ್ ಮಾಡಿ. ನಮ್ಮನೆಯಲ್ಲಿ ನಾನೀಗ ಒಂದೇ ಬಾಟಲಿ ಇಡೋದು. ಅಕ್ಕನಿಗೂ ಕಾರಣ ಹೇಳಿದ್ದೇನೆ.