ರಜೆಯ ಕೋಣೆಗೊಂದು ಪುಸ್ತಕದ ಕಪಾಟು

ರಜೆ ಮುಗಿಸಿ ಬಂದವರನ್ನು ಪ್ರವಾಸ ಹೇಗಿತ್ತು ಎಂದು ಕೇಳಿ ನೋಡಿ. 'ಚೆನ್ನಾಗೇನೋ ಇತ್ತು, ಆದರೆ ಮೈಕೈಯೆಲ್ಲ ನೋವು, ಸರಿಯಾಗಿ ನಿದ್ದೆಯಿಲ್ಲ, ಸುಧಾರಿಸಿಕೊಳ್ಳಲು ಇನ್ನೆರಡು ದಿನ ರಜೆ ಬೇಕಿತ್ತು' ಎನ್ನುವವರೇ ಹೆಚ್ಚು. ವಿಶ್ರಾಂತಿಗೆಂದು ಹೋದವರು ದಣಿವನ್ನು ಹೊತ್ತು ತರುತ್ತಾರೆ. ಬೆಳಿಗ್ಗೆ ಬಳ್ಳಿಗಾವಿ, ಮಧ್ಯಾಹ್ನ ಚಂದ್ರಗುತ್ತಿ, ಸಂಜೆಗೆ ಬನವಾಸಿ, ಮರುದಿನ ಬೆಳಕು ಹರಿಯುವ ಮುನ್ನವೇ ಜೋಗಕ್ಕೆ ಓಟ. ನಡುವೆ ಹೊತ್ತಲ್ಲದ ಹೊತ್ತಿನಲ್ಲಿ ಊಟ. ರಾತ್ರಿ ಕೋಣೆ ಸೇರಿದ ಮೇಲಾದರೂ ಶಾಂತಿಯುಂಟೇ ಎಂದರೆ, ಒಬ್ಬರ ಕೈಯಲ್ಲಿ ಟಿ.ವಿ. ರಿಮೋಟು, ಉಳಿದವರ ಕೈಯಲ್ಲಿ ಮೊಬೈಲು. ಮೊಣಕಾಲು ನೋವಿನ ಅಜ್ಜಿ ಗುಡಿಯ ಮೆಟ್ಟಿಲು ಹತ್ತಲಾರದೆ ಎರಡು ದಿನವನ್ನೂ ಕಾರಿನಲ್ಲೇ ಕಳೆದಿರುತ್ತಾರೆ.

ಈ ವಾರ ಹೇಳಹೊರಟಿರುವುದು ಗುಳಿಗೆ, ಪಥ್ಯಗಳ ವಿಷಯವಲ್ಲ. ಪ್ರವಾಸಿಗರು ತಂಗುವ ಜಾಗದಲ್ಲಿ – ಹೋಂಸ್ಟೇ ಇರಲಿ, ಲಾಡ್ಜ್ ಇರಲಿ, ಸರ್ಕಾರಿ ಪ್ರವಾಸಿ ಮಂದಿರವೇ ಇರಲಿ – ಓದಲು ಯೋಗ್ಯವಾದ ಪುಸ್ತಕಗಳ ಒಂದು ಕಪಾಟು ಇರಲೇಬೇಕು, ಅದು ಬಿಸಿನೀರಿನಷ್ಟೇ ಅಗತ್ಯದ ಸೌಕರ್ಯ ಎಂಬುದು ನನ್ನ ಅಭಿಪ್ರಾಯ. ಇಂಥ ಕೆಲಸ ಆರಂಭವಾಗಲು ಶಿಕಾರಿಪುರ–ಸೊರಬ ಸೀಮೆಗಿಂತ ತಕ್ಕ ಜಾಗ ಇನ್ನೊಂದಿಲ್ಲ ಎಂದೂ ಹೇಳುವೆ. ಅದಕ್ಕೆ ಕಾರಣವುಂಟು.

ಶಿರಾಳಕೊಪ್ಪದ ಪಕ್ಕದ ಬಳ್ಳಿಗಾವಿಗೆ ಹೋದವರೆಲ್ಲ ಕೇದಾರೇಶ್ವರ ದೇವಾಲಯ ನೋಡಿರುತ್ತೀರಿ. ಅಲ್ಲಿಗೆ ಸೇರಿದ ಕೋಡಿಮಠದ ಬಗ್ಗೆ 1162ರ ಒಂದು ಶಾಸನವಿದೆ. ರೈಸ್ ಸಾಹೇಬರು 1902ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ 7ನೇ ಸಂಪುಟದಲ್ಲಿ, ಶಿಕಾರಿಪುರ ತಾಲೂಕಿನ ಶಾಸನಗಳ ಸಾಲಿನಲ್ಲಿ ಅದು ಸಿಗುತ್ತದೆ. ಆ ಮಠದಲ್ಲಿ ಏನೇನು ನಡೆಯುತ್ತಿತ್ತು ಎಂಬುದರ ಉದ್ದ ಪಟ್ಟಿಯೇ ಅದರಲ್ಲಿದೆ. ನಾಲ್ಕು ವೇದಗಳ ಅಧ್ಯಯನ, ಪಾಣಿನಿ, ಶಾಕಟಾಯನ ಮೊದಲಾದವರ ವ್ಯಾಕರಣ, ಬೌದ್ಧವೂ ಸೇರಿದಂತೆ ದರ್ಶನಗಳು, ಯೋಗಶಾಸ್ತ್ರ, ಹದಿನೆಂಟು ಪುರಾಣ, ಅಷ್ಟೇ ಅಲ್ಲದೆ ಕಾವ್ಯ ಮತ್ತು ನಾಟಕ. ದೀನರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಕಥೆ ಹೇಳುವವರಿಗೆ, ಹಾಡುವವರಿಗೆ, ನಾನಾ ದೇಶಗಳಿಂದ ಬಂದ ನಾನಾ ಪಂಥದ ಭಿಕ್ಷುಗಳಿಗೆ ಅಲ್ಲಿ ಊಟ ಸಿಗುತ್ತಿತ್ತು. ಮುಂದುವರಿದು, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ನಡೆಯುವ ಜಾಗವೂ ಅದೇ ಎಂದು ಶಾಸನ ಹೇಳುತ್ತದೆ.

ಇದನ್ನು ಇನ್ನೊಮ್ಮೆ ಓದಿಕೊಳ್ಳಿ. ದೂರದಿಂದ ಬಂದವನಿಗೆ ಅನ್ನ, ಓದು, ಮದ್ದು ಮೂರೂ ಒಂದೇ ಆವರಣದಲ್ಲಿ. ಶರೀರಕ್ಕೆ ಒಂದು ಇಲಾಖೆ, ಮನಸ್ಸಿಗೆ ಇನ್ನೊಂದು ಇಲಾಖೆ ಎಂಬ ವಿಂಗಡಣೆ ಆ ಕಾಲದವರಿಗೆ ಹೊಳೆದಿರಲಿಲ್ಲ. ನಮಗೆ ಹೊಳೆದಿದೆ, ಅದರ ಫಲವನ್ನೂ ಉಣ್ಣುತ್ತಿದ್ದೇವೆ.

ಬಳ್ಳಿಗಾವಿಗೆ ಸಮೀಪದ ತಾಳಗುಂದದ ಸ್ತಂಭ ಶಾಸನವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಕದಂಬರ ಮೂಲಪುರುಷ ಮಯೂರಶರ್ಮ ವೇದ ಕಲಿಯಲು ಗುರುಗಳ ಜೊತೆ ಕಂಚಿಯ ಘಟಿಕೆಗೆ ಹೋದನೆಂದು ಅದರಲ್ಲಿ ಬರುತ್ತದೆ. ಆಗ ಓದಿಗಾಗಿ ಈ ಸೀಮೆಯವರು ಪರವೂರಿಗೆ ಹೋದರು. ಸುಮಾರು ಎಂಟು ನೂರು ವರ್ಷಗಳ ಬಳಿಕ ಪರವೂರಿನವರು ಇಲ್ಲಿಗೆ ಬರುತ್ತಿದ್ದರು. ಕರ್ನಾಟಕದ ಇನ್ನೊಂದು ಮೂಲೆಯಲ್ಲಿ, ಚಿತ್ತಾಪುರದ ಹತ್ತಿರದ ನಾಗಾವಿಯಲ್ಲಿ, 1058ರ ಶಾಸನವೊಂದು ಅಲ್ಲಿನ ಘಟಿಕಾಸ್ಥಾನದಲ್ಲಿ ವಿದ್ಯಾರ್ಥಿಗಳ ಜೊತೆಗೆ ಆರು ಮಂದಿ 'ಸರಸ್ವತಿ ಭಂಡಾರಿಗ'ರಿಗೂ ವ್ಯವಸ್ಥೆ ಮಾಡಿದ್ದನ್ನು ತಿಳಿಸುತ್ತದೆ. ಸರಸ್ವತಿ ಭಂಡಾರಿಗರೆಂದರೆ ಗ್ರಂಥಪಾಲಕರು. ಉಳಿಯುವ ಜಾಗದಲ್ಲೇ ಗ್ರಂಥ ಭಂಡಾರ ಎಂಬುದು ವಿದೇಶದಿಂದ ಬಂದ ಹೊಸ ಷೋಕಿ ಎನ್ನುವವರು ಇದನ್ನು ನೆನಪಿಡುವುದು ಒಳ್ಳೆಯದು.

ಇನ್ನು ಆರೋಗ್ಯದ ಮಾತು. ರಜೆಯಲ್ಲಿ ದೇಹ ಮೊದಲು ಬೇಡುವುದು ನಿದ್ದೆಯನ್ನು. ಅಮೆರಿಕದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹನ್ನೆರಡು ಮಂದಿಗೆ ಮಲಗುವ ಮುನ್ನ ಕೆಲವು ದಿನ ಬೆಳಕು ಸೂಸುವ ಪರದೆಯ ಮೇಲೆ, ಕೆಲವು ದಿನ ಅಚ್ಚಾದ ಪುಸ್ತಕದಲ್ಲಿ ಓದಲು ಕೊಟ್ಟರು. ಪರದೆಯ ಮೇಲೆ ಓದಿದ ದಿನಗಳಲ್ಲಿ ನಿದ್ದೆ ಹತ್ತಲು ಸುಮಾರು ಹತ್ತು ನಿಮಿಷ ಹೆಚ್ಚು ಹಿಡಿಯಿತು. ನಿದ್ದೆಗೆ ಮೈಯನ್ನು ಅಣಿಗೊಳಿಸುವ ಮೆಲಟೋನಿನ್ ಎಂಬ ಹಾರ್ಮೋನು ಅರ್ಧಕ್ಕಿಂತ ಹೆಚ್ಚು ತಗ್ಗಿತು. ಸಂಖ್ಯೆ ಚಿಕ್ಕದು, ನಿಜ. 2021ರಲ್ಲಿ ಪ್ರಕಟವಾದ ಐರ್ಲೆಂಡಿನ ಪ್ರಯೋಗದಲ್ಲಿ 991 ಮಂದಿ ಇದ್ದರು. ಒಂದು ವಾರ ಹಾಸಿಗೆಯಲ್ಲಿ ಪುಸ್ತಕ ಓದಿ ಮಲಗಿದವರಲ್ಲಿ ಶೇಕಡ 42 ಮಂದಿ ನಿದ್ದೆ ಸುಧಾರಿಸಿತೆಂದರು. ಓದದೆ ಮಲಗಿದವರಲ್ಲಿ ಹಾಗೆಂದವರು ಶೇಕಡ 28. ಇದರಲ್ಲಿ ಪವಾಡವೇನೂ ಇಲ್ಲ. ಆದರೆ ಖರ್ಚಿಲ್ಲದ, ಅಡ್ಡ ಪರಿಣಾಮವಿಲ್ಲದ ಉಪಾಯಕ್ಕೆ ಇಷ್ಟು ಫಲ ಸಾಲದೇ?

ಆರೇ ನಿಮಿಷ ಓದಿದರೆ ಮನಸ್ಸಿನ ಒತ್ತಡ ಶೇಕಡ 68ರಷ್ಟು ಇಳಿಯುತ್ತದೆ ಎಂಬ ಲೆಕ್ಕವೊಂದು ಎಲ್ಲೆಡೆ ಓಡಾಡುತ್ತಿದೆ. ಅದನ್ನು ನಂಬಿ ಗಡಿಯಾರ ನೋಡುತ್ತ ಓದಬೇಡಿ. ಕೆಲವೇ ಜನರ ಮೇಲೆ ನಡೆದ, ವಿಜ್ಞಾನ ಪತ್ರಿಕೆಯ ಒರೆಗೆ ಹೋಗದ ಪರೀಕ್ಷೆ ಅದು. ಅದಕ್ಕಿಂತ ಗಟ್ಟಿಯಾದದ್ದು ಯೇಲ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನ. ಐವತ್ತು ದಾಟಿದ 3,635 ಮಂದಿಯನ್ನು ಹನ್ನೆರಡು ವರ್ಷ ಗಮನಿಸಿದಾಗ, ಪುಸ್ತಕ ಓದುವವರಲ್ಲಿ ಸಾವಿನ ಅಪಾಯ ಓದದವರಿಗಿಂತ ಶೇಕಡ 20ರಷ್ಟು ಕಡಿಮೆ ಕಂಡಿತು. ಓದೇ ಆಯುಸ್ಸು ಕೊಟ್ಟಿತೋ, ಆರೋಗ್ಯ ಇದ್ದವರೇ ಹೆಚ್ಚು ಓದಿದರೋ, ಇಂಥ ಅಧ್ಯಯನ ಖಂಡಿತವಾಗಿ ಹೇಳಲಾರದು. ಆದರೂ ಕಾರಿನಲ್ಲಿ ಕುಳಿತ ಆ ಅಜ್ಜಿಯ ಕೈಗೆ ದಪ್ಪಕ್ಷರದ ಒಂದು ಕಾದಂಬರಿ ಕೊಟ್ಟು, ಜಗಲಿಯ ಮೇಲೊಂದು ಆರಾಮಕುರ್ಚಿ ಹಾಕಿದರೆ ಅವರ ರಜೆ ಬೇರೆಯೇ ಆಗುತ್ತದೆ ಎನ್ನಲು ಯಾವ ಅಧ್ಯಯನವೂ ಬೇಕಿಲ್ಲ.

ಬೇರೆಯವರು ಇದನ್ನು ಮಾಡಿ ತೋರಿಸಿದ್ದಾರೆ. ಮಹಾರಾಷ್ಟ್ರದ ಮಹಾಬಳೇಶ್ವರ–ಪಂಚಗಣಿ ನಡುವಿನ ಭಿಲಾರ್ ಸ್ಟ್ರಾಬೆರಿ ಬೆಳೆಯುವ ಹಳ್ಳಿ. 2017ರ ಮೇ 4ರಂದು ಅಲ್ಲಿನ ಸರ್ಕಾರ ಅದನ್ನು 'ಪುಸ್ತಕಗಳ ಊರು' ಮಾಡಿತು. ಮನೆ, ಗುಡಿ, ಶಾಲೆ, ವಸತಿಗೃಹ ಎಂದು 25 ಕಡೆ ಸುಮಾರು 15,000 ಪುಸ್ತಕಗಳನ್ನಿಟ್ಟು ಆರಂಭಿಸಿತು. ಯಾರು ಬೇಕಾದರೂ ಹೋಗಿ ಕುಳಿತು ಓದಬಹುದು, ಹಣ ಕೊಡಬೇಕಿಲ್ಲ. ಬ್ರಿಟನ್ನಿನ ವೇಲ್ಸ್ ಪ್ರಾಂತದ ಹಾರ್ಡನ್ ಎಂಬ ಊರಿನಲ್ಲಿ, ನಾಲ್ಕು ಸಲ ಪ್ರಧಾನಿಯಾಗಿದ್ದ ಗ್ಲಾಡ್‌ಸ್ಟನ್ ಎಂಬತ್ತು ದಾಟಿದ ವಯಸ್ಸಿನಲ್ಲಿ ತಮ್ಮ ಸಾವಿರಾರು ಪುಸ್ತಕಗಳನ್ನು ತಳ್ಳುಗಾಡಿಯಲ್ಲಿ ಸಾಗಿಸಿ ಗ್ರಂಥಾಲಯ ಕಟ್ಟಿದರು. ಓದುಗರು ಅಲ್ಲೇ ತಂಗಲು 1906ರಲ್ಲಿ ವಸತಿ ಭಾಗವೂ ಸೇರಿತು. ನಮ್ಮ ನೆರೆಯ ಸಾಗರ ತಾಲೂಕಿನ ಹೆಗ್ಗೋಡನ್ನೇ ನೋಡಿ. 1949ರಲ್ಲಿ ಹುಟ್ಟಿದ ನೀನಾಸಮ್ ದಶಕಗಳ ಕಾಲ ನಡೆಸಿಕೊಂಡು ಬಂದ ಸಂಸ್ಕೃತಿ ಶಿಬಿರಕ್ಕೆ ರಜೆ ಹಾಕಿ ಹೋಗಿ, ಉಳಿದು, ಓದಿ, ಚರ್ಚಿಸಿ, ರಾತ್ರಿ ನಾಟಕ ನೋಡಿ ಬಂದವರು ನಾಡಿನ ತುಂಬ ಇದ್ದಾರೆ. ಅವರಾರೂ ರಜೆ ದಂಡವಾಯಿತು ಎಂದದ್ದನ್ನು ನಾನು ಕೇಳಿಲ್ಲ.

ಕಪಾಟು ಇಟ್ಟರೆ ಸಾಲದು. ಮಲೆನಾಡಿನ ಹೋಂಸ್ಟೇ ಒಂದರಲ್ಲಿ ನಾವು ಎರಡು ರಾತ್ರಿ ತಂಗಿದ್ದೆವು. ಪಡಸಾಲೆಯಲ್ಲಿ ಗಾಜಿನ ಕಪಾಟಿನ ತುಂಬ ಪುಸ್ತಕ. ಸಂತೋಷಪಟ್ಟು ಹತ್ತಿರ ಹೋದರೆ ಬೀಗ. ಬೀಗದ ಕೈ ಯಜಮಾನರ ಹತ್ತಿರ, ಯಜಮಾನರು ಬೆಂಗಳೂರಿನಲ್ಲಿ! ಇನ್ನು ಕೆಲವೆಡೆ ಇಡುವುದು ತೂಕದ ಲೆಕ್ಕದಲ್ಲಿ ತಂದ ಹಳೆಯ ಇಂಗ್ಲಿಷ್ ಪುಸ್ತಕಗಳನ್ನು, ಗೋಡೆಯ ಬಣ್ಣಕ್ಕೆ ಹೊಂದುವ ರಟ್ಟು ನೋಡಿ. ಅದರ ಬದಲು ಹೂದಾನಿ ಇಟ್ಟರೆ ಸಾಕು.

ಈ ಸೀಮೆಗೆ ತಕ್ಕ ಕಪಾಟು ಹೇಗಿರಬೇಕು? ಅಲ್ಲಮಪ್ರಭುವಿನ ಊರು ಬಳ್ಳಿಗಾವಿ, ಅಕ್ಕಮಹಾದೇವಿಯ ಊರು ಉಡುತಡಿ, ಎರಡೂ ಶಿಕಾರಿಪುರ ತಾಲೂಕಿನವು. ವಚನಗಳಿಲ್ಲದೆ ಇಲ್ಲಿ ಕಪಾಟು ಪೂರ್ತಿಯಾಗದು. ಸೊರಬದ ಗುಡವಿ ಪಕ್ಷಿಧಾಮಕ್ಕೆ ಹೋಗುವವರಿಗೆ ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು', ಕಾಡಿನ ಮರಗಿಡಗಳ ಆಸಕ್ತರಿಗೆ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಇರಲಿ. ವೈದ್ಯೆಯೂ ಲೇಖಕಿಯೂ ಆಗಿದ್ದ, ಇದೇ ಜಿಲ್ಲೆಯ ತೀರ್ಥಹಳ್ಳಿಯಲ್ಲಿ ಹುಟ್ಟಿದ ಅನುಪಮಾ ನಿರಂಜನರ ಕಾದಂಬರಿಗಳಿರಲಿ. ಮಕ್ಕಳಿಗೆ ಚಿತ್ರದ ಪುಸ್ತಕಗಳು ಕೆಳಗಿನ ಅಂಕಣದಲ್ಲಿ, ಅವರ ಕೈಗೆಟುಕುವಂತೆ. ಪತ್ತೇದಾರಿ ಕಾದಂಬರಿಯೂ ಬೇಕು, ಮೂಗು ಮುರಿಯಬೇಡಿ. ಮಳೆ ಹಿಡಿದ ಮಧ್ಯಾಹ್ನಕ್ಕೆ ಅದರಂಥ ಜೊತೆ ಇನ್ನೊಂದಿಲ್ಲ.

ಮಲೆನಾಡಿನ ಮಳೆಗಾಲದಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯುವುದು ಎಲ್ಲರಿಗೂ ಗೊತ್ತು. ಬೂಷ್ಟು ಹಿಡಿದ ಪುಸ್ತಕ ಬಿಡಿಸಿದೊಡನೆ ಉಬ್ಬಸದವರಿಗೆ ಕೆಮ್ಮು, ಅಲರ್ಜಿಯವರಿಗೆ ಸಾಲು ಸೀನು. ಆದ್ದರಿಂದ ಕಪಾಟನ್ನು ಮಳೆ ಬಡಿಯುವ ಹೊರಗೋಡೆಗೆ ಒತ್ತಿ ಇಡಬಾರದು. ಪುಸ್ತಕಗಳನ್ನು ಬಿಗಿಯಾಗಿ ತುರುಕದೆ ಗಾಳಿಯಾಡಲು ಸಂದು ಬಿಡಬೇಕು. ಮಳೆ ಬಿಟ್ಟ ಮೇಲೆ ಎಲ್ಲವನ್ನೂ ಇಳಿಸಿ, ಬಟ್ಟೆಯಿಂದ ಒರೆಸಿ, ಎಳೆಬಿಸಿಲಿನಲ್ಲಿ ಸ್ವಲ್ಪ ಹೊತ್ತು ಇಡಬೇಕು. ತಾಳೆಗರಿ ಕಾಪಾಡುತ್ತಿದ್ದ ಹಿರಿಯರ ಮನೆಗಳಲ್ಲಿ ಬಜೆ ಬೇರು, ಬೇವಿನ ಎಲೆ ಇಡುತ್ತಿದ್ದರು. ಹಾಳೆಯೇ ಕೊಳೆತು ಹೋದ ಪುಸ್ತಕವನ್ನು ಮರುಕವಿಲ್ಲದೆ ತೆಗೆದುಹಾಕಿ.

ಬೆಳಕಿನ ವಿಷಯದಲ್ಲಿ ನಮ್ಮ ವಸತಿಗೃಹಗಳು ತೀರ ಜಿಪುಣ. ಸೂರಿನ ಮಧ್ಯೆ ಒಂದು ಮಂಕು ದೀಪ, ಮುಗಿಯಿತು. ಮಂದ ಬೆಳಕಿನಲ್ಲಿ ಓದಿದರೆ ಕಣ್ಣು ಶಾಶ್ವತವಾಗಿ ಕೆಡುತ್ತದೆ ಎಂಬುದು ತಪ್ಪು ನಂಬಿಕೆ. ಆದರೆ ಕಣ್ಣು ದಣಿಯುತ್ತದೆ, ತಲೆ ನೋಯುತ್ತದೆ, ನಲವತ್ತು ದಾಟಿದವರಿಗಂತೂ ಅಕ್ಷರವೇ ಕೂಡಿಬರದು. ಹಾಸಿಗೆಯ ತಲೆದೆಸೆಯಲ್ಲೊಂದು ಓದುವ ದೀಪ, ಬೆನ್ನಿಗೆ ಒರಗಿರುವ ಕುರ್ಚಿ, ಇವೆರಡು ಬೇಕೇ ಬೇಕು. ಹಾಗೆಂದು ಮಕ್ಕಳನ್ನು ದಿನವಿಡೀ ಕೋಣೆಯಲ್ಲಿ ಕೂರಿಸಿ ಓದಿಸುವುದೂ ಸಲ್ಲದು. ದಿನಕ್ಕೆ ಎರಡು ಗಂಟೆಯಾದರೂ ಬಯಲಿನ ಬೆಳಕಿನಲ್ಲಿ ಆಡುವ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಕಾಣಿಸಿಕೊಳ್ಳುವುದು ಕಡಿಮೆ ಎಂದು ನೇತ್ರತಜ್ಞರು ಕಂಡುಕೊಂಡಿದ್ದಾರೆ. ಬೆಳಿಗ್ಗೆ ಕೆರೆ ಏರಿಯ ಮೇಲೆ ನಡಿಗೆ, ಬಿಸಿಲೇರಿದ ಮೇಲೆ ಜಗಲಿಯಲ್ಲಿ ಪುಸ್ತಕ – ಹೀಗೆ ಹಂಚಿಕೊಳ್ಳಿ.

ಕಾಡಂಚಿಗೆ ಹೋಗುವವರಿಗೆ ಕಪಾಟಿನಲ್ಲಿ ಇನ್ನೂ ಒಂದು ಇರಲೇಬೇಕು, ಮಂಗನ ಕಾಯಿಲೆಯ ತಿಳಿವಳಿಕೆ ಪತ್ರ. ವಿಶ್ವದ ವೈದ್ಯಗ್ರಂಥಗಳಲ್ಲೆಲ್ಲ ಈ ರೋಗಕ್ಕಿರುವ ಹೆಸರು ಸೊರಬ ತಾಲೂಕಿನ ಕ್ಯಾಸನೂರು ಕಾಡಿನದು. 1957ರಲ್ಲಿ ಅಲ್ಲಿ ಮಂಗಗಳು ಸಾಯತೊಡಗಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಾಣುವನ್ನು ಪತ್ತೆ ಹಚ್ಚಿದರು. ಹರಡುವುದು ಉಣುಗಿನ ಕಡಿತದಿಂದ. ಕಾಡುವ ಕಾಲ ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ, ಅಂದರೆ ನಾವು ಪ್ರವಾಸ ಹೊರಡುವ ತಿಂಗಳುಗಳೇ. ರೋಗ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ದಶಕಗಳ ಕಾಲ ಕೊಡುತ್ತಿದ್ದ ಹಳೆಯ ಲಸಿಕೆಯ ಪರಿಣಾಮ ಸಾಲದೆಂದು ಅದನ್ನು ನಿಲ್ಲಿಸಲಾಗಿದೆ. ಕಾಡಿಗೆ ಕಾಲಿಡುವ ಮುನ್ನ ಮೈತುಂಬ ಬಟ್ಟೆ, ಆರೋಗ್ಯ ಇಲಾಖೆಯ ಉಣುಗು ನಿವಾರಕ ತೈಲ, ಬಂದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆಯನ್ನೂ ಬಿಸಿನೀರಿನಲ್ಲಿ ಒಗೆಯುವುದು, ಸತ್ತ ಮಂಗ ಕಂಡರೆ ಮುಟ್ಟದೆ ಸುದ್ದಿ ಮುಟ್ಟಿಸುವುದು, ಊರಿಗೆ ಮರಳಿದ ಮೇಲೆ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರೆಂದು ವೈದ್ಯರಿಗೆ ಹೇಳುವುದು. ಇಷ್ಟನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಕಪಾಟಿನ ಬಾಗಿಲಿಗೆ ಅಂಟಿಸಲು ಯಾರಪ್ಪಣೆಯೂ ಬೇಡ.

ಖರ್ಚೆಷ್ಟು ಎಂದು ಮಾಲೀಕರು ಕೇಳಬಹುದು. ಕೋಣೆಗೊಂದು ದೊಡ್ಡ ಟಿ.ವಿ. ತರುವ ಹಣದಲ್ಲಿ ನೂರೈವತ್ತು ಕನ್ನಡ ಪುಸ್ತಕ ಬರುತ್ತವೆ. ಆಸ್ತಿ ತೆರಿಗೆಯ ಜೊತೆ ಅವರು ಗ್ರಂಥಾಲಯ ಕರವನ್ನೂ ಕಟ್ಟುತ್ತಾರೆ. 1965ರ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು ಅದು. ಸಾರ್ವಜನಿಕ ಗ್ರಂಥಾಲಯದವರು ಐವತ್ತು ಪುಸ್ತಕಗಳ ಪೆಟ್ಟಿಗೆಯೊಂದನ್ನು ಮೂರು ತಿಂಗಳಿಗೊಮ್ಮೆ ಬದಲಿಸುತ್ತ ವಸತಿಗೃಹಗಳಿಗೆ ಎರವಲು ಕೊಡುವ ಏರ್ಪಾಡು ಮಾಡಿದರೆ ಮಾಲೀಕರಿಗೂ ಹೊರೆಯಾಗದು. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರದ ಬಾಗಿಲನ್ನು ಪ್ರವಾಸಿಗರಿಗೂ ತೆರೆದರೆ, ಊರಿನ ಮಕ್ಕಳ ಪಕ್ಕ ಪೇಟೆಯ ಮಕ್ಕಳೂ ಕುಳಿತು ಓದಿಯಾರು. ಪುಸ್ತಕ ಕಳುವಾಗುತ್ತದಲ್ಲ ಎಂಬ ಭಯವೇ? ಟವೆಲ್ಲೂ ಕಳುವಾಗುತ್ತದೆ, ಹಾಗೆಂದು ಯಾರೂ ಟವೆಲ್ ಇಡುವುದನ್ನು ಬಿಟ್ಟಿಲ್ಲ.

ಕೋಣೆ ಕಾದಿರಿಸಲು ಫೋನ್ ಮಾಡುವಾಗ ಬಿಸಿನೀರು ಇದೆಯೇ, ಕಾರು ನಿಲ್ಲಿಸಲು ಜಾಗವಿದೆಯೇ ಎಂದು ವಿಚಾರಿಸುತ್ತೇವೆ. ಜೊತೆಗೆ, ಓದಲು ಏನಿದೆ, ಕಪಾಟಿಗೆ ಬೀಗ ಹಾಕಿಲ್ಲ ತಾನೆ ಎಂದೂ ಒಂದು ಮಾತು ಕೇಳಿ. ದಸರಾ ರಜೆಗೆ ಆ ಕಡೆ ಹೊರಡುವವರು ಈಗಿನಿಂದಲೇ ಕೇಳತೊಡಗಿದರೆ ಮಾಲೀಕರಿಗೂ ತಯಾರಿಗೆ ಸಮಯ ಸಿಗುತ್ತದೆ.